ಜ್ಯಾಗಳ ಮೊತ್ತವೂ ಋಣದ ವರ್ಗಮೂಲವೂ

1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯ, ಅದಕ್ಕೆ ತಾನೇ ರಚಿಸಿದ ‘ವಾಸನಾಭಾಷ್ಯ’ದಲ್ಲಿ ಗೋಲದ ಮೇಲ್ಮೈ ವಿಸ್ತೀರ್ಣವನ್ನು ಲೆಕ್ಕ ಹಾಕುವ ಬಗೆ ಸ್ವಾರಸ್ಯವಾಗಿದೆ. ಗೋಲದ ಸುತ್ತಳತೆ 96 ಎಂದು ಇಟ್ಟುಕೊಳ್ಳುತ್ತಾನೆ. ನೆಲ್ಲಿಕಾಯಿಯ ಮೇಲೆ ತೊಟ್ಟಿನಿಂದ ಬುಡಕ್ಕೆ ಗೆರೆಗಳಿರುವಂತೆ ಗೋಲದ ಮೇಲೂ ಗೆರೆ ಎಳೆದು 96 ಹೋಳು ಮಾಡುತ್ತಾನೆ. ನಟ್ಟನಡುವೆ ಒಂದೊಂದು ಹೋಳಿನ ಅಗಲ 1. ತುದಿಯಿಂದ ನಡುವಿನ ಕಡೆಗೆ ಬಂದಂತೆ ಆ ಅಗಲ ಸೈನ್‌ನ ಪ್ರಮಾಣದಲ್ಲಿ, ಅವನ ಮಾತಿನಲ್ಲಿ ಜ್ಯಾದ ಪ್ರಮಾಣದಲ್ಲಿ, ಹಿಗ್ಗುತ್ತದೆ. ಹಾಗಾಗಿ ಒಂದು ಹೋಳಿನ ವಿಸ್ತೀರ್ಣ ಬೇಕೆಂದರೆ ಮೂರೂಮುಕ್ಕಾಲು ಡಿಗ್ರಿಗೊಂದರಂತೆ ಕೋಷ್ಟಕದಲ್ಲಿರುವ 24 ಜ್ಯಾಗಳನ್ನು ಕೂಡಬೇಕು, ಅದರಿಂದ ಅರ್ಧ ತ್ರಿಜ್ಯವನ್ನು ಕಳೆಯಬೇಕು, ಉಳಿದದ್ದನ್ನು ಅರ್ಧ ತ್ರಿಜ್ಯದಿಂದಲೇ ಭಾಗಿಸಬೇಕು. ತ್ರಿಜ್ಯ 3438 ಇರುವ ಆರ್ಯಭಟನ ಕೋಷ್ಟಕದ 24 ಸಂಖ್ಯೆಗಳನ್ನು ಕೂಡಿದರೆ 54233 ಬರುತ್ತದೆ. 1719 ಕಳೆದರೆ 52514. 1719ರಿಂದ ಭಾಗಿಸಿದರೆ 30.55. ಸುತ್ತಳತೆ 96 ಇರುವ ವೃತ್ತದ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, 30.56. ಅಂದರೆ ಒಂದು ಹೋಳಿನ ವಿಸ್ತೀರ್ಣ ಗೋಲದ ವ್ಯಾಸಕ್ಕೆ ಸಮ, ಇಡೀ ಮೇಲ್ಮೈ ಸುತ್ತಳತೆ ಮತ್ತು ವ್ಯಾಸಗಳ ಗುಣಲಬ್ಧ. ಉತ್ತರ ಸರಿಯಾಗಿದೆ. ಆದರೆ ಇಪ್ಪತ್ತನಾಲ್ಕು ಬಿಡಿ ಸಂಖ್ಯೆಗಳ ಮೊತ್ತ ಹೋಗಿ ಹೋಗಿ ವ್ಯಾಸದ ಪಕ್ಕದಲ್ಲೇ ಏಕೆ ನಿಂತಿತು? ಕೂಡಿ ತೋರಿಸುವ ಲೆಕ್ಕ ಈ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ.

ಸೈನ್, ಕೊಸೈನ್‌ಗಳ ಸಾಲು ಮೊತ್ತಗಳನ್ನು ಸಂಕೀರ್ಣ ಸಂಖ್ಯೆಗಳ ಮೂಲಕ ಬಿಡಿಸುವ ವಿಧಾನವನ್ನು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಒಂದು ಚತುರ ಉಪಾಯವೆಂದು ಕಲಿಸಲಾಗುತ್ತದೆ: ಲೆಕ್ಕ ಬೇಗ ಮುಗಿಯುತ್ತದೆ, ಪರೀಕ್ಷೆಯಲ್ಲಿ ಸಮಯ ಉಳಿಯುತ್ತದೆ. ಈ ಹೊಗಳಿಕೆ ಆ ವಿಧಾನಕ್ಕೆ ಅವಮಾನವೆಂದೇ ನನ್ನ ಎಣಿಕೆ. ಬೇಗ ಮುಗಿಯುವುದು ಅದರ ಉಪಫಲ. ಅದರ ನಿಜವಾದ ಬೆಲೆ ಇರುವುದು, ಬೇರೆ ದಾರಿಗಳು ‘ಹೌದು’ ಎಂದು ಮಾತ್ರ ಹೇಳುವ ಕಡೆ ಅದು ‘ಏಕೆ’ ಎಂದು ಹೇಳುತ್ತದೆ ಎಂಬುದರಲ್ಲಿ. ಭಾಸ್ಕರನ ಮೊತ್ತದಲ್ಲೇ ಇದನ್ನು ಪರೀಕ್ಷಿಸಬಹುದು. ಕೋಷ್ಟಕದ ಒಂದು ಜ್ಯಾದಿಂದ ಮುಂದಿನದಕ್ಕಿರುವ ಕೋನವನ್ನು, ಅಂದರೆ ಮೆಟ್ಟಿಲನ್ನು, ಕ ಎನ್ನೋಣ. ಒಂದು ಬಿಂದುವಿನಿಂದ ಒಂದು ಮಾನದಷ್ಟು ನೇರ ನಡೆಯಿರಿ. ಕ ದಷ್ಟು ಎಡಕ್ಕೆ ತಿರುಗಿ ಮತ್ತೆ ಒಂದು ಮಾನ ನಡೆಯಿರಿ. ಮತ್ತೆ ಅಷ್ಟೇ ತಿರುಗಿ, ಅಷ್ಟೇ ನಡೆಯಿರಿ. ಪ್ರತಿ ಹೆಜ್ಜೆಯಲ್ಲೂ ಮುಂದಕ್ಕೆ ಸಾಗಿದ್ದು ಕೊಸೈನ್, ಮೇಲಕ್ಕೆ ಏರಿದ್ದು ಸೈನ್. ಹೀಗೆ ನಡೆದವನ ಹೆಜ್ಜೆಗಳೆಲ್ಲ ಒಂದೇ ವೃತ್ತದ ಮೇಲೆ ಬೀಳುತ್ತವೆ, ಏಕೆಂದರೆ ಸಮ ಉದ್ದದ ಹೆಜ್ಜೆ, ಸಮ ತಿರುವು. ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಎಳೆದ ಗೆರೆ ಆ ವೃತ್ತದ ಒಂದು ಜ್ಯಾ (ಇಲ್ಲಿ ಸೈನ್ ಅಲ್ಲ, ವೃತ್ತದ ಎರಡು ಬಿಂದುಗಳನ್ನು ಕೂಡಿಸುವ ಗೆರೆ). ಮೊತ್ತ ಕೇಳಿದವರಿಗೆ ಬೇಕಾದದ್ದು ಆ ಗೆರೆಯ ಉದ್ದ ಮತ್ತು ದಿಕ್ಕು, ಅಷ್ಟೇ.

ಇದನ್ನೇ ಸಂಖ್ಯೆಗಳಲ್ಲಿ ಹೇಳಲು ತಿರುಗುವಿಕೆಗೆ ಒಂದು ಸಂಖ್ಯೆ ಬೇಕು. ಕ ದಷ್ಟು ತಿರುಗಿಸುವ ಆ ಸಂಖ್ಯೆಯನ್ನು ಸ ಎನ್ನೋಣ. ಅದರ ವಾಸ್ತವ ಭಾಗ ಕೊಸೈನ್ ಕ, ಕಾಲ್ಪನಿಕ ಭಾಗ ಸೈನ್ ಕ. ಎರಡು ಸಲ ತಿರುಗಿಸಿದರೆ ಸ², ಮೂರು ಸಲವಾದರೆ ಸ³. ನಡಿಗೆಯ ಮೊತ್ತ ಈಗ 1 + ಸ + ಸ² + ಸ³ ಎಂಬ ಸಾದಾ ಗುಣೋತ್ತರ ಶ್ರೇಢಿ. ಅದರ ಮೊತ್ತ ಹೈಸ್ಕೂಲು ಮಕ್ಕಳಿಗೂ ಗೊತ್ತು: ಒಂದರಿಂದ ಸ ದ ಕೊನೆಯ ಘಾತದ ಮುಂದಿನ ಘಾತವನ್ನು, ಇಲ್ಲಿ ಸ⁴ ಅನ್ನು, ಕಳೆದು, ಅದನ್ನು 1 − ಸ ದಿಂದ ಭಾಗಿಸಬೇಕು. ಮೇಲಿರುವುದು ಇಡೀ ತಿರುವಿಗೆ ಎದುರಾದ ಜ್ಯಾ, ಕೆಳಗಿರುವುದು ಒಂದು ಮೆಟ್ಟಿಲಿಗೆ ಎದುರಾದ ಜ್ಯಾ. ಆದ್ದರಿಂದ ಮೊತ್ತದ ಉದ್ದ ಎಂದರೆ ಇಡೀ ತಿರುವಿನ ಅರ್ಧದ ಸೈನನ್ನು ಮೆಟ್ಟಿಲಿನ ಅರ್ಧದ ಸೈನಿನಿಂದ ಭಾಗಿಸಿದ್ದು; ದಿಕ್ಕು ಮೊದಲ ಮತ್ತು ಕೊನೆಯ ಹೆಜ್ಜೆಗಳ ನಡುವಿನ ಸರಾಸರಿ. ಇಂಥ ಮೊತ್ತಗಳ ಸಿದ್ಧಾಂತವೆಲ್ಲ ಇಷ್ಟರಲ್ಲೇ ಅಡಗಿದೆ. ಭಾಸ್ಕರನ ಸಂಖ್ಯೆಗೆ ಇದನ್ನು ಹಚ್ಚಿ ನೋಡಿದರೆ, ಅರ್ಧ ತ್ರಿಜ್ಯ ಕಳೆದು ಅರ್ಧ ತ್ರಿಜ್ಯದಿಂದ ಭಾಗಿಸಿದಾಗ ಉಳಿಯುವುದು ಅರ್ಧ ಮೆಟ್ಟಿಲಿನ, ಅಂದರೆ ಒಂದೂ ಏಳೆಂಟಾಂಶ ಡಿಗ್ರಿಯ, ಕೊಟ್ಯಾಂಜೆಂಟ್. ಅದರ ಬೆಲೆ 30.547. ಸಣ್ಣ ಕೋನದ ಕೊಟ್ಯಾಂಜೆಂಟ್ ಆ ಕೋನದ ವಿಲೋಮಕ್ಕೆ ಬಹು ಹತ್ತಿರ; ವಿಲೋಮವೇ ಇಲ್ಲಿ 96ನ್ನು ಪೈಯಿಂದ ಭಾಗಿಸಿದ ವ್ಯಾಸ. ಅಂತರ ಕೇವಲ 0.01ರಷ್ಟು, ಮೆಟ್ಟಿಲು ಸಣ್ಣದಾದಂತೆ ಅದೂ ಕರಗುತ್ತದೆ. ಅರ್ಧ ತ್ರಿಜ್ಯವನ್ನು ಏಕೆ ಕಳೆಯಬೇಕಿತ್ತು ಎಂಬುದೂ ತಿಳಿಯಿತು: ಆರಂಭದ ಹಾಗೂ ಕೊನೆಯ ಹೆಜ್ಜೆಗಳನ್ನು ಅರ್ಧರ್ಧ ಎಣಿಸಿದರೆ ದಿಕ್ಕಿನ ಸರಾಸರಿ ಸರಿಯಾಗಿ 45 ಡಿಗ್ರಿಗೆ ಬಂದು ನಿಲ್ಲುತ್ತದೆ, ಸೈನ್‌ಗಳ ಮೊತ್ತವೂ ಕೊಸೈನ್‌ಗಳ ಮೊತ್ತವೂ ಒಂದೇ ಆಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಬಲವಾದ ಆಕ್ಷೇಪವೇ. ಈ ಮೊತ್ತಕ್ಕೆ ಸಂಕೀರ್ಣ ಸಂಖ್ಯೆಯ ಹಂಗು ಬೇಕಿಲ್ಲ. ಪ್ರತಿಯೊಂದು ಸೈನನ್ನೂ ಅರ್ಧ ಮೆಟ್ಟಿಲಿನ ಸೈನಿನ ಎರಡರಷ್ಟರಿಂದ ಗುಣಿಸಿದರೆ ಅದು ಎರಡು ಕೊಸೈನ್‌ಗಳ ವ್ಯತ್ಯಾಸವಾಗಿ ಒಡೆಯುತ್ತದೆ. ಕೂಡಿದಾಗ ನಡುವಿನ ಪದಗಳೆಲ್ಲ ಒಂದನ್ನೊಂದು ಹೊಡೆದುಕೊಂಡು ಮೊದಲಿನದು, ಕೊನೆಯದು ಮಾತ್ರ ಉಳಿಯುತ್ತವೆ. ಈ ತಿಳಿವು ಹೊಸತೂ ಅಲ್ಲ. ಜ್ಯಾಗಳ ವ್ಯತ್ಯಾಸಗಳ ವ್ಯತ್ಯಾಸ ಮತ್ತೆ ಜ್ಯಾಕ್ಕೇ ಅನುಪಾತದಲ್ಲಿರುತ್ತದೆ ಎಂಬ ಸಂಗತಿಯ ಮೇಲೆಯೇ ಆರ್ಯಭಟನ ಕೋಷ್ಟಕ ನಿಂತಿದೆ. ಅದೇ ಸಂಗತಿಯನ್ನು ಹಿಡಿದು, 1530ರ ಸುಮಾರಿಗೆ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ ಗೋಲದ ಮೇಲ್ಮೈಗೆ ಉಪಪತ್ತಿ ಕೊಡುತ್ತದೆ. ಯೂರೋಪಿನಲ್ಲಿ ಋಣ ಸಂಖ್ಯೆಯ ವರ್ಗಮೂಲಕ್ಕೆ ಇನ್ನೂ ಸರಿಯಾದ ಲೆಕ್ಕದ ನಿಯಮಗಳೇ ಇಲ್ಲದ ಕಾಲ ಅದು. ಹಾಗಾದರೆ ಹೊಸ ಜಾತಿಯ ಸಂಖ್ಯೆಗಳನ್ನು ತಂದು ಸಾಧಿಸಿದ್ದೇನು?

ಸಾಧಿಸಿದ್ದೇನೆಂದು ನೋಡಬೇಕಾದರೆ ಆ ಗುಣಕ ಎಲ್ಲಿಂದ ಬಂತು ಎಂದು ಕೇಳಬೇಕು. ಅರ್ಧ ಮೆಟ್ಟಿಲಿನ ಸೈನಿನ ಎರಡರಷ್ಟರಿಂದ ಗುಣಿಸು ಎಂದು ಪುಸ್ತಕ ಹೇಳುತ್ತದೆ. ಗುಣಿಸಿದರೆ ಕೆಲಸವೂ ಆಗುತ್ತದೆ. ಆದರೆ ಅದೇ ಗುಣಕವೇ ಏಕೆ ಎಂಬುದಕ್ಕೆ ಆ ದಾರಿಯಲ್ಲಿ ಉತ್ತರವಿಲ್ಲ. ಸಂಕೀರ್ಣ ದಾರಿಯಲ್ಲಿ ಅದನ್ನು ಯಾರೂ ಊಹಿಸಬೇಕಿಲ್ಲ, ಅದು 1 − ಸ ದ ಉದ್ದವಾಗಿ ತಾನಾಗಿ ಛೇದದಲ್ಲಿ ಬಂದು ಕೂತಿದೆ. ಲೆಕ್ಕ ಸ್ವಲ್ಪ ಬದಲಾದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರತಿ ಹೆಜ್ಜೆಯೂ ಹಿಂದಿನದರ ಅರ್ಧದಷ್ಟೇ ಉದ್ದವಿರಲಿ. ಆಗ ಹಳೆಯ ಗುಣಕ ಕೆಲಸಕ್ಕೆ ಬಾರದು, ಹೊಸದೊಂದನ್ನು ಹುಡುಕಬೇಕು. ಸಂಕೀರ್ಣ ದಾರಿಯಲ್ಲಿ ಸ ದ ಬದಲು ಅರ್ಧ ಸ ಬರೆದರೆ ಮುಗಿಯಿತು. ಇನ್ನು ದ್ವಿಪದ ಗುಣಾಂಕಗಳನ್ನು ಹಚ್ಚಿ ಕೊಸೈನ್‌ಗಳನ್ನು ಕೂಡಬೇಕಾದರೆ? 1, 4, 6, 4, 1 ಎಂಬ ತೂಕಗಳೊಂದಿಗೆ 0, 60, 120, 180, 240 ಡಿಗ್ರಿಗಳ ಕೊಸೈನ್‌ಗಳನ್ನು ಕೂಡಿ ನೋಡಿ: 1 + 2 − 3 − 4 − 0.5, ಒಟ್ಟು −4.5. ಇದು 1 + ಸ ಎಂಬುದರ ನಾಲ್ಕನೆಯ ಘಾತದ ವಾಸ್ತವ ಭಾಗವಲ್ಲದೆ ಬೇರೇನಲ್ಲ. 1 + ಸ ದ ಉದ್ದ ಇಲ್ಲಿ ಮೂರರ ವರ್ಗಮೂಲ, ದಿಕ್ಕು 30 ಡಿಗ್ರಿ. ನಾಲ್ಕನೆಯ ಘಾತಕ್ಕೆ ಉದ್ದ 9, ದಿಕ್ಕು 120 ಡಿಗ್ರಿ. ಅದರ ಕೊಸೈನ್ ಭಾಗ −4.5. ಮೆಟ್ಟಿಲು ಎಷ್ಟೇ ಇರಲಿ, ಗುಣಾಂಕಗಳು ಎಷ್ಟೇ ಇರಲಿ, ಇದೇ ವಾಕ್ಯ ಸಾಕು.

ಇನ್ನೊಂದು ಉದಾಹರಣೆ ಇದಕ್ಕಿಂತ ನಿಷ್ಠುರವಾದದ್ದು. ಕೊಸೈನ್ ಕ, ಕೊಸೈನ್ 2ಕ, ಕೊಸೈನ್ 3ಕ ಇತ್ಯಾದಿಗಳನ್ನು ಕ್ರಮವಾಗಿ 1, 2, 6, 24 ಹೀಗೆ ಫ್ಯಾಕ್ಟೋರಿಯಲ್‌ಗಳಿಂದ ಭಾಗಿಸಿ, ಮೊದಲಲ್ಲಿ 1 ಸೇರಿಸಿ, ಕೊನೆಯಿಲ್ಲದೆ ಕೂಡಿದರೆ ಏನು ಬರುತ್ತದೆ? ಉತ್ತರದಲ್ಲಿ ಸೈನಿನ ಕೊಸೈನ್ ಇದೆ: ಸೈನ್ ಕ ಎಂಬ ಸಂಖ್ಯೆಯನ್ನೇ ಕೋನವೆಂದು ಬಗೆದು ಅದರ ಕೊಸೈನ್ ತೆಗೆದು, ಸ್ವಾಭಾವಿಕ ಲಾಗರಿದಮ್‌ನ ಆಧಾರ ಸಂಖ್ಯೆಯನ್ನು ಕೊಸೈನ್ ಕ ಘಾತಕ್ಕೇರಿಸಿ ಗುಣಿಸಬೇಕು. ಕೋನದ ಸೈನನ್ನು ಮತ್ತೆ ಕೋನವಾಗಿ ನೋಡುವ ಈ ವಿಚಿತ್ರ ಉತ್ತರವನ್ನು ವಾಸ್ತವ ಸಂಖ್ಯೆಗಳೊಳಗೇ ಕುಳಿತು ಯಾರು ಊಹಿಸಿಯಾರು? ಉತ್ತರ ಕೈಗೆ ಸಿಕ್ಕ ಮೇಲೆ ಅವಕಲ ಸಮೀಕರಣ ಹೂಡಿ ಅದನ್ನು ವಾಸ್ತವ ಸಂಖ್ಯೆಗಳಲ್ಲೇ ಸಾಧಿಸಬಹುದು, ನಿಜ. ಆದರೆ ಯಾವ ಸಮೀಕರಣ ಹೂಡಬೇಕೆಂಬ ಸುಳಿವು ಆ ಉತ್ತರದಿಂದಲೇ ಬರಬೇಕು. ಸಂಕೀರ್ಣ ದಾರಿಯಲ್ಲಿ ಎಲ್ಲರಿಗೂ ಗೊತ್ತಿರುವ ಘಾತೀಯ ಶ್ರೇಣಿಯಲ್ಲಿ ಸ ವನ್ನು ಇಟ್ಟದ್ದಷ್ಟೇ. ನಮಗೆ ತಿಳಿದಿರುವ ಒಂದೊಂದು ಘಾತ ಶ್ರೇಣಿಯ ಹೊಟ್ಟೆಯಲ್ಲೂ ಎರಡೆರಡು ತ್ರಿಕೋನಮಿತಿಯ ಮೊತ್ತಗಳಿವೆ, ಒಂದು ಸೈನಿನದು, ಒಂದು ಕೊಸೈನಿನದು. ಉತ್ತರ ಕೊಟ್ಟರೆ ತಾಳೆ ನೋಡಬಲ್ಲ ವಿಧಾನವೂ ಉತ್ತರವನ್ನು ಹುಟ್ಟಿಸಬಲ್ಲ ವಿಧಾನವೂ ಒಂದೇ ದರ್ಜೆಯವಲ್ಲ. ಮೊದಲನೆಯದು ಸಾಕೆನ್ನುವವರು, ಉತ್ತರವನ್ನು ಯಾರೋ ಕೊಡುತ್ತಾರೆಂದು ನಂಬಿ ಕೂತವರು.

ಇದರ ಹಿಂದೆ ಒಂದು ಕಾರಣವಿದೆ, ಅದು ಸೈನಿನ ಸ್ವಭಾವದಲ್ಲೇ ಇದೆ. ಎರಡು ಕೋನಗಳ ಮೊತ್ತದ ಸೈನ್ ಬೇಕೆಂದರೆ ಬರೀ ಸೈನ್‌ಗಳಿಂದ ಅದನ್ನು ಕಟ್ಟಲಾಗದು, ಕೊಸೈನ್ ಬೇಕೇ ಬೇಕು. ಕೊಸೈನಿಗೂ ಸೈನಿಲ್ಲದೆ ನಡೆಯದು. ಒಂಟಿ ಸೈನ್‌ಗಳ ಸಾಲನ್ನು ಎದುರಿಗಿಟ್ಟುಕೊಂಡು ಮೊತ್ತ ಹುಡುಕುವವನು ಅರ್ಧ ಮಾಹಿತಿಯನ್ನು ಆಚೆಗಿಟ್ಟೇ ಕೆಲಸ ಆರಂಭಿಸಿರುತ್ತಾನೆ. ಜೊತೆಯ ಕೊಸೈನ್ ಸಾಲನ್ನೂ ತಂದು ಎರಡನ್ನೂ ಒಂದೇ ಸಂಖ್ಯೆಯಾಗಿ ಕಂಡಾಗ ಮಾತ್ರ ಒಂದು ಪದದಿಂದ ಮುಂದಿನ ಪದಕ್ಕೆ ಹೋಗುವ ನಿಯಮ ‘ಸ ದಿಂದ ಗುಣಿಸು’ ಎಂಬಷ್ಟು ಸರಳವಾಗುತ್ತದೆ. ಪ್ರಶ್ನೆಯನ್ನು ದೊಡ್ಡದು ಮಾಡಿದ್ದರಿಂದ ಅದು ಸುಲಭವಾಯಿತು.

ಎರಡನೆಯ ಆಕ್ಷೇಪ ಹಳೆಯದು, ಅದರ ಬೇರು ನಮ್ಮ ನೆಲದಲ್ಲೂ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯ ಋಣ ಸಂಖ್ಯೆಯ ವರ್ಗಮೂಲದ ಪ್ರಶ್ನೆಯನ್ನು ಎತ್ತಿಕೊಂಡು, ಋಣವು ಸ್ವಭಾವತಃ ವರ್ಗವೇ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವೂ ಇಲ್ಲ ಎಂದು ತೀರ್ಮಾನಿಸಿದ. ಮೂರು ಶತಮಾನದ ಮೇಲೆ ಭಾಸ್ಕರನೂ ‘ಬೀಜಗಣಿತ’ದಲ್ಲಿ ಅದನ್ನೇ ಹೇಳಿದ. ಇಂದಿನ ವಿದ್ಯಾರ್ಥಿಗೂ ಒಳಗೊಳಗೇ ಇರುವ ಸಂಶಯ ಇದೇ: ಇಲ್ಲದ ಸಂಖ್ಯೆಯೊಂದನ್ನು ಲೆಕ್ಕದ ನಡುವೆ ತಂದು, ಕೊನೆಯಲ್ಲಿ ಅದನ್ನು ಕೈಬಿಟ್ಟು, ವಾಸ್ತವ ಭಾಗ ಮಾತ್ರ ಉಳಿಸಿಕೊಂಡರೆ ಅದು ನ್ಯಾಯವಾದ ಉಪಪತ್ತಿಯೇ? 1572ರಲ್ಲಿ ಗಣಿತಜ್ಞ ಬೊಂಬೆಲ್ಲಿಗೆ ಎದುರಾದದ್ದೂ ಇಂಥದೇ ಇಕ್ಕಟ್ಟು. ಒಂದು ಸಂಖ್ಯೆಯ ಘನ, ಅದರ ಹದಿನೈದರಷ್ಟಕ್ಕೆ ನಾಲ್ಕು ಕೂಡಿದ್ದಕ್ಕೆ ಸಮ ಎಂಬ ಸಮೀಕರಣಕ್ಕೆ 4 ಎಂಬ ಉತ್ತರ ಕಣ್ಣಿಗೇ ಕಾಣುತ್ತದೆ. ಆದರೆ ಆಗಿನ ಸೂತ್ರ ಹಿಡಿದು ಹೊರಟರೆ −121ರ ವರ್ಗಮೂಲವನ್ನು ಹಾದೇ ಹೋಗಬೇಕು. ಆತ ಧೈರ್ಯ ಮಾಡಿ ಹಾದುಹೋದ, ಆಚೆ ದಡದಲ್ಲಿ 4 ಸಿಕ್ಕಿತು.

ಮಹಾವೀರನ ತೀರ್ಪು ತಪ್ಪಲ್ಲ. ಸಂಖ್ಯೆ ಎಂದರೆ ಒಂದೇ ಗೆರೆಯ ಮೇಲಿನ ಬಿಂದು ಎಂದಿರುವವರೆಗೆ ಅದು ಅಲುಗದ ಸತ್ಯ. ಆದರೆ ಆ ಗೆರೆಯ ಮೇಲೆಯೇ −1ರಿಂದ ಗುಣಿಸುವುದು ಏನು ಮಾಡುತ್ತದೆಂದು ಗಮನಿಸಿ: ಬಲಕ್ಕಿರುವುದನ್ನು ಎಡಕ್ಕೆ, ಎಡಕ್ಕಿರುವುದನ್ನು ಬಲಕ್ಕೆ, ಅಂದರೆ ಅರ್ಧ ಸುತ್ತು ತಿರುಗಿಸುತ್ತದೆ. ಎರಡು ಸಲ ಮಾಡಿದರೆ ಅರ್ಧ ಸುತ್ತಾಗುವ ಕ್ರಿಯೆ ಯಾವುದು? ಕಾಲು ಸುತ್ತು. ಅದು ಗೆರೆಯನ್ನು ಬಿಟ್ಟು ಸಮತಲಕ್ಕೆ ಬರುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಕಾಲ್ಪನಿಕವಾದದ್ದು ಏನೂ ಇಲ್ಲ. ಇದನ್ನು ಮೊದಲು ಸ್ಪಷ್ಟವಾಗಿ ಬರೆದವನು ಪ್ರಸಿದ್ಧ ಗಣಿತಜ್ಞನಲ್ಲ, ನಾರ್ವೆಯಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ಭೂಮಾಪನ ಮಾಡುತ್ತಿದ್ದ ಕ್ಯಾಸ್ಪರ್ ವೆಸೆಲ್, 1797ರಲ್ಲಿ. ದಿಕ್ಕು, ದೂರಗಳ ಲೆಕ್ಕದಲ್ಲೇ ಬದುಕಿದವನಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ. ಅವನ ಲೇಖನವನ್ನು ಗಣಿತ ಜಗತ್ತು ನೂರು ವರ್ಷ ಗಮನಿಸದೇ ಇದ್ದದ್ದು ಆಶ್ಚರ್ಯ. ತಿರುಗುವಿಕೆಯ ಸಂಖ್ಯೆಗಳು ನಮ್ಮ ಹೊಲಗಳಲ್ಲೂ ಇವೆ. ಪಂಪ್‌ಸೆಟ್ಟಿಗೆ ಬರುವ ತ್ರೀ ಫೇಸ್ ಕರೆಂಟಿನ ಮೂರು ತಂತಿಗಳ ವೋಲ್ಟೇಜು ಒಂದಕ್ಕಿಂತ ಒಂದು 120 ಡಿಗ್ರಿ ಹಿಂದೆ; ಮೂರೂ ಸರಿಸಮವಾಗಿದ್ದರೆ ಕೂಡಿದಾಗ ಯಾವ ಕ್ಷಣದಲ್ಲೂ ಸೊನ್ನೆ. ಮೂರು ಹೆಜ್ಜೆ, ಮೂರು ತಿರುವು, ಹೊರಟಲ್ಲಿಗೇ ಮರಳಿದ ಸಮಬಾಹು ತ್ರಿಭುಜ, ಅಷ್ಟೇ ಅದರ ಗುಟ್ಟು.

ಆದರೂ ಒಬ್ಬರು ಹೀಗೆನ್ನಬಹುದು: ಇವೆಲ್ಲ ಬರೆಯುವ ಅನುಕೂಲ, ನಿಸರ್ಗದಲ್ಲಿರುವುದು ಕೊಸೈನ್ ಮಾತ್ರ. ಇದಕ್ಕೆ ಬೆಂಗಳೂರಿನಲ್ಲೇ ನಡೆದ ಕೆಲಸವೊಂದು ಉತ್ತರ ಕೊಡುತ್ತದೆ. 1935–36ರಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು ಶ್ರವಣಾತೀತ ಧ್ವನಿ ಹರಿಯುತ್ತಿರುವ ದ್ರವದ ಮೂಲಕ ಬೆಳಕು ಹಾದಾಗ ಅದು ಹಲವು ಕಿರಣಗಳಾಗಿ ಚದುರುವುದನ್ನು ವಿವರಿಸಿದರು. ಧ್ವನಿಯಿಂದ ದ್ರವದ ಸಾಂದ್ರತೆ ಅಲೆಅಲೆಯಾಗುತ್ತದೆ, ಹಾದುಬಂದ ಬೆಳಕಿನ ಅಲೆಮುಖವೂ ಸುಕ್ಕುಗಟ್ಟುತ್ತದೆ. ಅಂದರೆ ತಿರುವಿನ ಕೋನವೇ ಒಂದು ಸೈನ್ ಆಗುತ್ತದೆ. ನಾವು ಈಗಷ್ಟೇ ವಿಚಿತ್ರವೆಂದ ಸೈನಿನ ಕೊಸೈನ್ ಇಲ್ಲಿ ಪ್ರಯೋಗಾಲಯದ ಪರದೆಯ ಮೇಲೆ ನಿಂತಿದೆ. ಆ ತಿರುಗು ಸಂಖ್ಯೆಯನ್ನು ಸ ದ ಘಾತಗಳ ಮೊತ್ತವಾಗಿ ಬಿಡಿಸಿದಾಗ ಪ್ರತಿ ಘಾತವೂ ಒಂದು ಕಿರಣ, ಅದರ ಗುಣಾಂಕ ಒಂದು ಬೆಸೆಲ್ ಫಲನ, ಗುಣಾಂಕದ ವರ್ಗ ಆ ಕಿರಣದ ಪ್ರಖರತೆ. ಧನ ಘಾತಗಳು ನಡುಗೆರೆಯ ಒಂದು ಕಡೆ, ಋಣ ಘಾತಗಳು ಇನ್ನೊಂದು ಕಡೆ. ಕೊಸೈನ್‌ಗಳಲ್ಲಿ ಬರೆದರೆ ಏನಾಗುತ್ತದೆ ನೋಡಿ: ಸಮ ಕ್ರಮಾಂಕದ ಕಿರಣಗಳು ಒಂದು ಶ್ರೇಣಿಗೆ, ಬೆಸ ಕ್ರಮಾಂಕದವು ಇನ್ನೊಂದಕ್ಕೆ ಹೋಗುತ್ತವೆ, ಎಡದ ಕಿರಣ ಮತ್ತು ಬಲದ ಕಿರಣ ಒಂದೇ ಪದದಲ್ಲಿ ಬೆರೆತು ಹೋಗುತ್ತವೆ. ಪರದೆಯ ಮೇಲೆ ಅವು ಎರಡು ಬೇರೆ ಬೆಳಕಿನ ಚುಕ್ಕೆಗಳು. ನಿಸರ್ಗ ಬೇರೆಯಾಗಿಟ್ಟದ್ದನ್ನು ಕೊಸೈನ್ ಕೂಡಿಸಿ ತೋರಿಸುತ್ತದೆ, ಸಂಕೀರ್ಣ ಘಾತ ಬೇರೆಯಾಗಿಯೇ ತೋರಿಸುತ್ತದೆ. ಯಾವುದು ವಾಸ್ತವಕ್ಕೆ ಹತ್ತಿರವೆಂದು ಹೆಸರು ನೋಡಿ ತೀರ್ಮಾನಿಸುವಂತಿಲ್ಲ.

ಮೂರನೆಯ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು, ಅದು ಗಣಿತಜ್ಞರೇ ಎತ್ತಿದ್ದು. ಗುಣೋತ್ತರ ಶ್ರೇಢಿಯನ್ನು ಕೊನೆಯಿಲ್ಲದೆ ಕೂಡಬೇಕಾದರೆ ಸ ದ ಉದ್ದ ಒಂದಕ್ಕಿಂತ ಕಡಿಮೆ ಇರಬೇಕು. ತಿರುಗುವಿಕೆಯಲ್ಲಿ ಅದು ಸರಿಯಾಗಿ ಒಂದು. ಆಯ್ಲರ್ ಈ ಗಡಿಯನ್ನು ಲೆಕ್ಕಿಸದೆ ದಾಟಿದ. 1750ರ ದಶಕದಲ್ಲಿ ಕೊಸೈನ್ ಕ, ಕೊಸೈನ್ 2ಕ, ಕೊಸೈನ್ 3ಕ ಹೀಗೆ ಅನಂತವಾಗಿ ಕೂಡಿದರೆ −½ ಎಂದ. ಕ ಗೆ 90 ಡಿಗ್ರಿ ಇಟ್ಟರೆ ಪದಗಳು 0, −1, 0, 1 ಎಂದು ಮರುಕಳಿಸುತ್ತವೆ, ಮೊತ್ತ 0, −1, −1, 0 ಎಂದು ಎಂದಿಗೂ ತೂಗಾಡುತ್ತಲೇ ಇರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಇಂಥ ಧಾರಾಳತನದ ಮೇಲೆ 1820ರ ದಶಕದಲ್ಲಿ ಆಬೆಲ್ ಕಿಡಿಕಾರಿದ್ದರಲ್ಲಿ ಅನ್ಯಾಯವೇನಿಲ್ಲ. ನಿಲ್ಲದ ಮೊತ್ತಕ್ಕೂ ಬೆಲೆ ಕಟ್ಟಿಬಿಡುವ ವಿಧಾನವನ್ನು ವಿವರಣೆ ಎನ್ನುವುದು ಹೇಗೆ?

ಆದರೆ ಇಲ್ಲಿ ತಪ್ಪು ಸಂಕೀರ್ಣ ಸಂಖ್ಯೆಯದಲ್ಲ, ಅವಸರದ್ದು; ಆ ಅವಸರಕ್ಕೆ ಕಡಿವಾಣ ಸಿಕ್ಕಿದ್ದೂ ಸಂಕೀರ್ಣ ಸಮತಲದಿಂದಲೇ. ಆಬೆಲ್ 1826ರಲ್ಲಿ ಪ್ರಕಟಿಸಿದ ದ್ವಿಪದ ಶ್ರೇಣಿಯ ಲೇಖನದಲ್ಲಿ ದಾರಿ ತೋರಿದ: ಮೊದಲು ವೃತ್ತದೊಳಗೆ, ಉದ್ದ ಒಂದಕ್ಕಿಂತ ಕಡಿಮೆ ಇರುವಲ್ಲಿ, ಮೊತ್ತ ಕಟ್ಟು, ಆಮೇಲೆ ಅಂಚಿನ ಕಡೆಗೆ ಸರಿ, ಅಂಚಿನ ಮೇಲೆ ಶ್ರೇಣಿ ನಿಜವಾಗಿ ನಿಲ್ಲುವುದಾದರೆ ಅದರ ಬೆಲೆ ಒಳಗಿನಿಂದ ಬಂದ ಬೆಲೆಯೇ. ನಿಲ್ಲದಿದ್ದರೂ ಒಳಗಿನಿಂದ ಬರುವ ಬೆಲೆಗೆ ಅರ್ಥವಿದೆ. 0, −1, −1, 0 ಎಂದು ತೂಗಾಡುವ ಮೊತ್ತಗಳ ಸರಾಸರಿ ತೆಗೆದರೆ ಬರುವುದು −½ ತಾನೇ. ಫೂರಿಯೆ ಶ್ರೇಣಿಗಳನ್ನು ಹೀಗೆ ಸರಾಸರಿಯಿಂದ ಅರ್ಥಮಾಡಿಕೊಳ್ಳಬಹುದೆಂದು 1900ರಲ್ಲಿ ತೋರಿಸಿದ ಫೇಯೆರ್‌ಗೆ ಆಗ ಇಪ್ಪತ್ತು ವರ್ಷ. ಆಯ್ಲರ್‌ನ ಮೂಗು ಸರಿಯಾದ ವಾಸನೆಯನ್ನೇ ಹಿಡಿದಿತ್ತು.

ಈ ಶಿಸ್ತು ಬಂದ ಮೇಲೆ ಕೈಗೆ ಸಿಗುವುದು ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಸುಂದರ ಫಲ. ಸ, ಸ² ದ ಅರ್ಧ, ಸ³ ದ ಮೂರನೆಯ ಒಂದು ಭಾಗ, ಹೀಗೆ ಕೂಡಿದರೆ ಬರುವುದು 1 − ಸ ದ ಲಾಗರಿದಮ್‌ನ ಋಣ. ಸಂಕೀರ್ಣ ಸಂಖ್ಯೆಯ ಲಾಗರಿದಮ್‌ನಲ್ಲಿ ಉದ್ದದ ಲಾಗರಿದಮ್ ವಾಸ್ತವ ಭಾಗ, ದಿಕ್ಕಿನ ಕೋನ ಕಾಲ್ಪನಿಕ ಭಾಗ. ಲಾಗರಿದಮ್ಮಿಗೂ ಕೋನಕ್ಕೂ ಇರುವ ಈ ನಂಟನ್ನು ರೋಜರ್ ಕೋಟ್ಸ್ 1714ರಲ್ಲೇ ಕಂಡಿದ್ದ. 1 − ಸ ಎಂದರೆ ಭಾಸ್ಕರನ ಮೊತ್ತದಲ್ಲಿ ಛೇದವಾಗಿ ಬಂದ ಅದೇ ಒಂದು ಮೆಟ್ಟಿಲಿನ ಜ್ಯಾ. ಅದರ ದಿಕ್ಕನ್ನು ಓದಿಕೊಂಡರೆ, ಸೈನ್ ಕ, ಸೈನ್ 2ಕ ದ ಅರ್ಧ, ಸೈನ್ 3ಕ ದ ಮೂರನೆಯ ಒಂದು ಭಾಗ ಇತ್ಯಾದಿಗಳ ಮೊತ್ತ ಪೈಯಿಂದ ಕ ಕಳೆದದ್ದರ ಅರ್ಧ ಎಂದು ತಿಳಿಯುತ್ತದೆ. ಆಯ್ಲರ್ 1744ರಲ್ಲಿ ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿ ಈ ಫಲ ಇದೆ. ಕ ಗೆ 90 ಡಿಗ್ರಿ ಇಡಿ: 1 − ⅓ + ⅕ − ... ಎಂಬುದು ಪೈಯ ಕಾಲು ಭಾಗ. ಕೇರಳದ ಮಾಧವನ ಶ್ರೇಣಿ ಅದು, ಯೂರೋಪಿನಲ್ಲಿ ಲೈಬ್ನಿಟ್ಸ್ ಹೆಸರಿನಲ್ಲಿದೆ. ಇನ್ನು ಅದೇ ಜ್ಯಾದ ಉದ್ದವನ್ನು ಓದಿ, ಕ ಗೆ 180 ಡಿಗ್ರಿ ಇಟ್ಟರೆ 1 − ½ + ⅓ − ¼ + ... ಎಂಬುದು ಎರಡರ ಲಾಗರಿದಮ್. ಒಂದು ವೃತ್ತದ ಅಳತೆಯಿಂದ ಹುಟ್ಟಿದ ಶ್ರೇಣಿ, ಇನ್ನೊಂದು ಲಾಗರಿದಮ್ ಕೋಷ್ಟಕದ ಕಡೆಯಿಂದ ಬಂದದ್ದು. ಎರಡೂ ಒಂದೇ ಜ್ಯಾದ ಎರಡು ಲಕ್ಷಣಗಳೆಂದು ವಾಸ್ತವ ಸಂಖ್ಯೆಗಳ ಗೆರೆಯ ಮೇಲೆ ನಿಂತು ನೋಡಿದರೆ ತಿಳಿಯುವುದೇ ಇಲ್ಲ. ಸೈನ್ ಶ್ರೇಣಿ ಕ ಸೊನ್ನೆಯಾದಲ್ಲಿ ಏಕೆ ಹಠಾತ್ತನೆ ಹಾರುತ್ತದೆ ಎಂಬುದಕ್ಕೂ ಅದೇ ಚಿತ್ರದಲ್ಲಿ ಉತ್ತರವಿದೆ: ಅಲ್ಲಿ ಜ್ಯಾ ಕುಗ್ಗಿ ಬಿಂದುವಾಗುತ್ತದೆ, ಬಿಂದುವಿಗೆ ದಿಕ್ಕಿಲ್ಲ. ನಿರಂತರ ಫಲನಗಳನ್ನು ಕೂಡಿದರೆ ನಿರಂತರ ಫಲನವೇ ಬರುತ್ತದೆಂದು 1821ರಲ್ಲಿ ಹೇಳಿದ್ದ ಕೋಶಿಯ ಮಾತಿಗೆ ಆಬೆಲ್ ಅಪವಾದವೆಂದು ತೋರಿದ್ದೂ ಇದರ ಸೋದರ ಶ್ರೇಣಿಯನ್ನೇ.

ಕಲಿಸುವವರ ಆಕ್ಷೇಪವೊಂದು ಉಳಿದಿದೆ: ವಿದ್ಯಾರ್ಥಿ ‘ವಾಸ್ತವ ಭಾಗ ತೆಗೆದುಕೊ’ ಎಂಬುದನ್ನು ಮಂತ್ರದಂತೆ ಉರುಹೊಡೆಯುತ್ತಾನೆ, ಸೈನ್‌ಗಳ ಆಟವೇ ಅವನ ಕೈ ತಪ್ಪುತ್ತದೆ. ಹೌದು, ಹಾಗಾಗುತ್ತದೆ. ಆದರೆ ಅದು ಸಂಕೀರ್ಣ ಸಂಖ್ಯೆಗಳನ್ನು ವರ್ಗ ಸಮೀಕರಣದ ಬಾಲವಾಗಿ ಒಂದು ಅಧ್ಯಾಯದಲ್ಲೂ, ತ್ರಿಕೋನಮಿತಿಯನ್ನು ಸೂತ್ರಗಳ ಪಟ್ಟಿಯಾಗಿ ಇನ್ನೊಂದರಲ್ಲೂ ಕಲಿಸಿ, ಎರಡರ ನಡುವಿನ ತಿರುವನ್ನು ಮುಚ್ಚಿಟ್ಟುದರ ಫಲ. ಮೊದಲ ದಿನವೇ −1ರ ವರ್ಗಮೂಲವಾದ ಐ ಎಂದರೆ ಕಾಲು ಸುತ್ತು ಎಂದು ಹೇಳಿದ್ದರೆ ಮಂತ್ರದ ಅಗತ್ಯ ಬೀಳುತ್ತಿರಲಿಲ್ಲ.

ಹಾಗೆಂದು ಈ ವಿಧಾನ ಎಲ್ಲವನ್ನೂ ಕೊಡುತ್ತದೆಂದು ಹೇಳಿದರೆ ಅದೂ ಸುಳ್ಳು. ಅದರ ಎಲ್ಲೆ ಎಲ್ಲಿದೆ ಎಂಬುದನ್ನು ಗೌಸ್‌ನಷ್ಟು ಚೆನ್ನಾಗಿ ಉಂಡವರಿಲ್ಲ. ಪೂರ್ಣ ಸುತ್ತನ್ನು ಏಳು ಭಾಗ ಮಾಡಿ, ಒಂದು, ಎರಡು ಮತ್ತು ನಾಲ್ಕು ಭಾಗಗಳ ಸೈನ್‌ಗಳನ್ನು ಕೂಡಿದರೆ ಏಳರ ವರ್ಗಮೂಲದ ಅರ್ಧ ಬರುತ್ತದೆ, 1.3229. ಒಂದು, ಎರಡು, ನಾಲ್ಕು ಏಕೆಂದರೆ ವರ್ಗಗಳನ್ನು ಏಳರಿಂದ ಭಾಗಿಸಿದಾಗ ಉಳಿಯುವ ಶೇಷಗಳು ಅವೇ. ಐದು ಭಾಗ ಮಾಡಿ ಹೀಗೇ ಒಂದು ಮತ್ತು ನಾಲ್ಕು ಭಾಗಗಳ ಕೊಸೈನ್‌ಗಳನ್ನು ಕೂಡಿದರೆ ಐದರ ವರ್ಗಮೂಲದಿಂದ ಒಂದನ್ನು ಕಳೆದದ್ದರ ಅರ್ಧ ಬರುತ್ತದೆ. ವರ್ಗಗಳ ಪ್ರಮಾಣದಲ್ಲಿ ತಿರುಗುತ್ತಾ ನಡೆದ ಈ ನಡಿಗೆ ಗುಣೋತ್ತರವಲ್ಲ, ಹೆಜ್ಜೆಗಳು ಒಂದೇ ವೃತ್ತದ ಮೇಲೆ ಬೀಳುವುದಿಲ್ಲ. ಆದರೂ ಬೆಸ ಸಂಖ್ಯೆಯ ಭಾಗಗಳಿದ್ದಾಗ ಅದರ ಉದ್ದ ತಿಳಿಯಲು ಎರಡು ಸಾಲು ಸಾಕು. ಮೊತ್ತವನ್ನು ಅದರ ಸಂಯುಗ್ಮದಿಂದ, ಅಂದರೆ ಅಷ್ಟೇ ತಿರುವುಗಳನ್ನು ಹಿಮ್ಮುಖವಾಗಿ ನಡೆದ ಮೊತ್ತದಿಂದ, ಗುಣಿಸಿ ಪದಗಳನ್ನು ಜೋಡಿಸಿದರೆ ಒಳಗೆಲ್ಲ ಮತ್ತೆ ಗುಣೋತ್ತರ ಶ್ರೇಢಿಗಳು ಕಾಣಿಸಿಕೊಳ್ಳುತ್ತವೆ. ಒಂದನ್ನು ಬಿಟ್ಟು ಉಳಿದವೆಲ್ಲ ಪೂರ್ತಿ ಸುತ್ತಿ ಹೊರಟಲ್ಲಿಗೇ ಮರಳುವ ಬಹುಭುಜಗಳು, ಆದ್ದರಿಂದ ಸೊನ್ನೆ. ಉಳಿದ ಒಂದು, ಭಾಗಗಳ ಸಂಖ್ಯೆಯನ್ನೇ ಕೊಡುತ್ತದೆ. ಉದ್ದದ ವರ್ಗ ಏಳು, ಉದ್ದ ಏಳರ ವರ್ಗಮೂಲ. ಇಲ್ಲಿಗೆ ಆ ಉಪಾಯ ನಿಲ್ಲುತ್ತದೆ. ವರ್ಗ ತಿಳಿದ ಮೇಲೆ ಮೂಲ ಧನವೋ ಋಣವೋ ಎಂಬುದು ತಿಳಿಯುವುದಿಲ್ಲ. ಉದಾಹರಣೆ ಮಾಡಿ ನೋಡಿದಾಗಲೆಲ್ಲ ಧನವೇ ಬರುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ. 1801ರಲ್ಲೇ ಇದನ್ನು ಊಹಿಸಿದ್ದ ಗೌಸ್‌ಗೆ ಆ ಒಂದು ಚಿಹ್ನೆಯ ಉಪಪತ್ತಿ ಸಿಕ್ಕಿದ್ದು 1805ರ ಆಗಸ್ಟ್‌ನಲ್ಲಿ, ಬೇರೆಯದೇ ಒಂದು ದಾರಿಯಿಂದ. ಮೂವತ್ತು ವರ್ಷದ ನಂತರ ಡಿರಿಖ್ಲೆ ಅದೇ ಚಿಹ್ನೆಯನ್ನು ಇನ್ನೊಂದು ಕಡೆಯಿಂದ ತಲುಪಿದ. ಅವನು ಹಿಡಿದ ದಾರಿ ಫೂರಿಯೆ ಶ್ರೇಣಿ.